ಅಟ್ಟೆ ಅಂದರೆ ಎಷ್ಟು ಹೂವು? ಗೂಗಲ್‌ಗೆ ಗೊತ್ತಿಲ್ಲದ ನಮ್ಮ ಮಾತುಗಳು

ಉಡುಪಿಯಲ್ಲಿ ಮಳೆಗಾಲದ ಒಂದು ಭಾನುವಾರ ಸಣ್ಣ ವ್ಯಾಪಾರಸ್ಥರು, ಹೋಮ್‌ಸ್ಟೇ ನಡೆಸುವವರು, ಒಂದಿಷ್ಟು ಕಾಲೇಜು ವಿದ್ಯಾರ್ಥಿಗಳ ಎದುರು ಆಡಿದ ಮಾತುಗಳು ಇವು. ಹೆಚ್ಚು ತಿದ್ದದೆ ಬರೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮಾತೆರೆಗ್ಲಾ ಸೊಲ್ಮೆಲು.

ನಾನು ಹದಿನಾಲ್ಕು ವರ್ಷದಿಂದ ಮಂಗಳೂರಿನಲ್ಲಿ ಎಸ್‌ಇಒ ಕೆಲಸ ಮಾಡುತ್ತಿದ್ದೇನೆ. ಪೂರ್ತಿ ಹೆಸರು ಸರ್ಚ್ ಎಂಜಿನ್ ಆಪ್ಟಿಮೈಸೇಶನ್. ಜನ ಗೂಗಲ್‌ನಲ್ಲಿ ಏನಾದರೂ ಹುಡುಕಿದಾಗ ನಿಮ್ಮ ಪುಟ ಅವರ ಕಣ್ಣಿಗೆ ಬೀಳುವ ಹಾಗೆ ಮಾಡುವ ಕೆಲಸ. ಇವತ್ತು ಅದನ್ನು ಮಲ್ಲಿಗೆಯಿಂದ ಶುರು ಮಾಡುತ್ತೇನೆ.

ಇಲ್ಲಿ ಕೂತವರಿಗೆ ಶಂಕರಪುರ ಮಲ್ಲಿಗೆ ಗೊತ್ತಿಲ್ಲದೆ ಇರುವುದಿಲ್ಲ. ಒಂದು ಊರಿನ ವಿಶೇಷ ಬೆಳೆಗೆ ಕೊಡುವ ಜಿಐ ಟ್ಯಾಗ್ ಸಿಕ್ಕಿದ್ದು ಉಡುಪಿ ಮಲ್ಲಿಗೆ ಅನ್ನುವ ಹೆಸರಿನಲ್ಲಿ. ಆದರೆ ನಮ್ಮ ಬಾಯಲ್ಲಿ ಬರುವುದು ಶಂಕರಪುರ ಮಲ್ಲಿಗೆಯೇ. ನನಗೆ ಸಂಬಂಧದಲ್ಲಿ ಒಬ್ಬರು ಅಕ್ಕ ಇದ್ದಾರೆ. ಆ ಕಡೆ ಹೂವಿನ ವ್ಯಾಪಾರ ಅವರದ್ದು. ಬೆಳಿಗ್ಗೆ ಮನೆಮನೆಯಿಂದ ಬಾಳೆನಾರಿನಲ್ಲಿ ಕಟ್ಟಿದ ಹೂವು ಬರುತ್ತದೆ. ಆ ದಿನದ ದರ ಗೊತ್ತಾದ ಕೂಡಲೇ ಅಕ್ಕ ಅದನ್ನು ಒಂದು ಹಲಗೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆಯುತ್ತಾರೆ. ಹಲಗೆಯ ಫೋಟೋ ತೆಗೆದು ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕುತ್ತಾರೆ. ಅವರ ನಂಬರ್ ಇದ್ದವರಿಗೆ ದರ ಗೊತ್ತಾಗುತ್ತದೆ. ಉಳಿದವರು ಫೋನ್ ಮಾಡಿ ಕೇಳಬೇಕು.

ಒಂದು ದಿನ ಅಕ್ಕ ಕೇಳಿದರು: "ನೀನು ಇಷ್ಟು ಜನರ ಅಂಗಡಿಯನ್ನು ಗೂಗಲ್‌ನಲ್ಲಿ ತೋರಿಸುತ್ತೀಯಲ್ಲ ಮಾರಾಯ, ನನ್ನ ಹೂವಿನ ದರ ಎಂತಕ್ಕೆ ಕಾಣುವುದಿಲ್ಲ?"

ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಹೇಳಬೇಕಾದರೆ ಗೂಗಲ್ ಹೇಗೆ ಹುಡುಕುತ್ತದೆ ಅನ್ನುವುದನ್ನು ಮೊದಲು ಹೇಳಬೇಕು.

ನಾವು ಏನಾದರೂ ಕೇಳಿದಾಗ ಗೂಗಲ್ ಆಗ ಎದ್ದು ಹೋಗಿ ಇಡೀ ಇಂಟರ್‌ನೆಟ್ ಜಾಲಾಡುತ್ತದೆ ಅಂತ ತುಂಬ ಜನ ತಿಳಿದಿದ್ದಾರೆ. ಹಾಗಲ್ಲ. ಕ್ರಾಲರ್ ಅನ್ನುವ ಪ್ರೋಗ್ರಾಂ ಮೊದಲೇ ಪುಟದಿಂದ ಪುಟಕ್ಕೆ ಲಿಂಕ್ ಹಿಡಿದು ಹೋಗಿ ಓದಿಕೊಂಡು ಬಂದಿರುತ್ತದೆ. ಓದಿದ್ದನ್ನೆಲ್ಲ ಒಂದು ದೊಡ್ಡ ಪಟ್ಟಿ ಮಾಡಿ ಇಟ್ಟಿರುತ್ತದೆ. ಯಾವ ಪದ ಯಾವ ಪುಟದಲ್ಲಿ ಉಂಟು ಅನ್ನುವ ಪಟ್ಟಿ. ಅದೇ ಇಂಡೆಕ್ಸ್. ನೀವು ಕೇಳಿದಾಗ ಅದು ನೋಡುವುದು ಆ ಪಟ್ಟಿಯನ್ನು.

ಇಂಥ ಕೆಲಸ ನಮ್ಮ ಊರಿಗೆ ಹೊಸದಲ್ಲ. ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್‌ನಲ್ಲಿ ಅಚ್ಚಾಯಿತು. ಸುಮಾರು 70,000 ಪದ. ಹಳೆಯ ಕಾವ್ಯ, ಗಾದೆ, ಜನರ ಮಾತು ಎಲ್ಲವನ್ನೂ ಓದಿ, ಕೇಳಿ, ಒಂದೊಂದು ಪದಕ್ಕೂ ಅದು ಎಲ್ಲಿ ಹೇಗೆ ಬಳಕೆಯಾಗಿದೆ ಅಂತ ಗುರುತು ಹಾಕಿದರು. ವರ್ಷಗಟ್ಟಲೆ ಮಾಡಿದ ಕೆಲಸ. ಸರ್ಚ್ ಎಂಜಿನ್ ಮಾಡುವ ಪಟ್ಟಿಯ ಕೆಲಸವನ್ನು ನಾನು ವಿದ್ಯಾರ್ಥಿಗಳಿಗೆ ಹೇಳುವಾಗ ಕಿಟ್ಟೆಲ್ ನಿಘಂಟನ್ನೇ ಮೇಜಿನ ಮೇಲೆ ಇಟ್ಟು ತೋರಿಸುತ್ತೇನೆ. ಯಾರೂ ಬರೆದಿಡದ, ಯಾರೂ ಅವರ ಎದುರು ಆಡದ ಪದ ಆ ನಿಘಂಟಿಗೆ ಬರಲು ಸಾಧ್ಯ ಇರಲಿಲ್ಲ, ಅಲ್ವಾ?

ಅಕ್ಕನ ದರಕ್ಕೂ ಅದೇ ಆಗಿದ್ದು. ವಾಟ್ಸ್ಆ್ಯಪ್ ಸ್ಟೇಟಸ್ ಬಾಗಿಲು ಹಾಕಿದ ಮನೆ ಇದ್ದ ಹಾಗೆ. ಕ್ರಾಲರ್ ಒಳಗೆ ಬರುವುದಿಲ್ಲ. ಪಟ್ಟಿಯಲ್ಲಿ ಇಲ್ಲದ್ದು ಸಿಗುವುದಿಲ್ಲ.

ಇನ್ನು ಪಟ್ಟಿಯಲ್ಲಿ ಇದ್ದದ್ದರಲ್ಲಿ ಯಾವುದು ಮೇಲೆ, ಯಾವುದು ಕೆಳಗೆ? 1998ರಲ್ಲಿ ಗೂಗಲ್ ಶುರು ಮಾಡಿದ ಲ್ಯಾರಿ ಪೇಜ್, ಸರ್ಗೇ ಬ್ರಿನ್ ಇಬ್ಬರ ಹೆಚ್ಚುಗಾರಿಕೆ ಇಲ್ಲಿತ್ತು. ಅವರ ಪೇಜ್‌ರ‍್ಯಾಂಕ್ ಲೆಕ್ಕ ಕೇಳಿದರೆ ನಿಮಗೆ ಹೊಸದು ಅನ್ನಿಸುವುದಿಲ್ಲ. ನಾವು ಊರಿಗೆ ಹೊಸಬರಾದಾಗ ಒಳ್ಳೆ ಡಾಕ್ಟರ್ ಯಾರು ಅಂತ ಕೇಳುತ್ತೇವೆ. ನಾಲ್ಕು ಜನ ಒಬ್ಬರದೇ ಹೆಸರು ಹೇಳಿದರೆ ಅವರ ಹತ್ತಿರ ಹೋಗುತ್ತೇವೆ. ಹೇಳಿದವರು ತಿಳಿದವರಾದರೆ ನಂಬಿಕೆ ಇನ್ನೂ ಜಾಸ್ತಿ. ಒಂದು ಪುಟದಿಂದ ಇನ್ನೊಂದಕ್ಕೆ ಕೊಡುವ ಲಿಂಕ್ ಅಂಥ ಒಂದು ಮಾತು. ಎಲ್ಲರೂ ಬೊಟ್ಟು ಮಾಡುವ ಪುಟ ಹೇಳಿದ ಮಾತಿಗೆ ತೂಕ ಹೆಚ್ಚು.

ಇದು ಗೊತ್ತಾದ ಮೇಲೆ ಜನ ಲಿಂಕ್ ಮಾರತೊಡಗಿದರು. ಇಪ್ಪತ್ತು ವರ್ಷದ ಎಸ್‌ಇಒ ಚರಿತ್ರೆಯ ದೊಡ್ಡ ಭಾಗ ಈ ಕಳ್ಳಾಟ ಮತ್ತು ಅದನ್ನು ಹಿಡಿಯುವ ಕೆಲಸ. ಪುಟದ ಹಿಂದೆ ಕಾಣದ ಹಾಗೆ ಪದಗಳನ್ನು ತುಂಬುವ ಕೀವರ್ಡ್ಸ್ ಟ್ಯಾಗ್ ಒಂದಿತ್ತು. ಅದನ್ನು ರ‍್ಯಾಂಕಿಗೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿತು. ಹುರುಳಿಲ್ಲದ ಪುಟಗಳನ್ನು ಕೆಳಗೆ ತಳ್ಳಲು 2011ರಲ್ಲಿ ಗೂಗಲ್‌ನ ಪಾಂಡಾ ಅನ್ನುವ ಬದಲಾವಣೆ ಬಂತು. ಕೊಂಡುಕೊಂಡ ಲಿಂಕುಗಳನ್ನು ಹಿಡಿಯಲು 2012ರಲ್ಲಿ ಪೆಂಗ್ವಿನ್. 2024ರ ಮಾರ್ಚ್‌ನಲ್ಲಿ, ರಾಶಿಗಟ್ಟಲೆ ಪುಟ ಹೆತ್ತು ಹಾಕುವವರ ಮೇಲೆ ಹೊಸ ನಿಯಮ. ಮನುಷ್ಯ ಬರೆದರೂ ಅಷ್ಟೇ, ಯಂತ್ರ ಬರೆದರೂ ಅಷ್ಟೇ.

ಇಷ್ಟಾದರೂ ಮೋಸ ನಿಂತಿಲ್ಲ. ಪರಿಚಯದ ಒಬ್ಬರು ಹೋಮ್‌ಸ್ಟೇ ಯಜಮಾನರು ಒಂದು ಏಜೆನ್ಸಿಗೆ ದುಡ್ಡು ಕೊಟ್ಟಿದ್ದರು. ಮೂರು ತಿಂಗಳಲ್ಲಿ ಗೂಗಲ್‌ನಲ್ಲಿ ಒಂದನೇ ಸ್ಥಾನ, ಗ್ಯಾರಂಟಿ ಅಂದಿದ್ದರಂತೆ. ನನ್ನ ಹತ್ತಿರ ಬಂದಾಗ ಸೈಟ್ ತೆಗೆದು ನೋಡಿದೆ. ಯಾವ್ಯಾವುದೋ ದೇಶದ, ಜೂಜಿನ, ಔಷಧಿಯ ಸೈಟುಗಳಿಂದ ಲಿಂಕ್ ಬಂದು ಬಿದ್ದಿದ್ದವು. ಮೊದಲು ಬರುತ್ತಿದ್ದ ನಾಲ್ಕು ಜನವೂ ಬರುವುದು ನಿಂತಿತ್ತು. ನನಗೆ ಆ ದಿನ ತುಂಬ ಸಿಟ್ಟು ಬಂತು, ಈಗಲೂ ಬರುತ್ತದೆ. ಆ ದುಡ್ಡು ಅವರ ಒಂದು ಸೀಸನ್‌ನ ಉಳಿತಾಯ. ದಯವಿಟ್ಟು ನೆನಪಿಡಿ: ಒಂದನೇ ಸ್ಥಾನದ ಗ್ಯಾರಂಟಿ ಯಾರಿಗೂ ಕೊಡಲು ಆಗುವುದಿಲ್ಲ. ಗೂಗಲ್ ತನ್ನ ಮಾರ್ಗದರ್ಶಿಯಲ್ಲೇ ಹಾಗೆ ಬರೆದಿದೆ. ಗ್ಯಾರಂಟಿ ಅಂದ ಕೂಡಲೇ ಎದ್ದು ಬನ್ನಿ.

ಹಾಗಾದರೆ ಮಾಡಬೇಕಾದ್ದು ಏನು? ಕನ್ನಡದವರಿಗೆ ಇದರಲ್ಲಿ ಬೇರೆಯವರಿಗಿಲ್ಲದ ಕೆಲವು ತೊಡಕುಗಳಿವೆ. ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇಂಗ್ಲಿಷ್ ಪಾಠಗಳಲ್ಲಿ ಇದು ಸಿಗುವುದಿಲ್ಲ.

ಮೊದಲನೆಯದು ಅಕ್ಷರ. ಡಿಟಿಪಿ ಸೆಂಟರಿನ ಹಳೇ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕನ್ನಡ ನಮ್ಮ ಕಣ್ಣಿಗೆ ಮಾತ್ರ ಕನ್ನಡ. ಯಂತ್ರದ ಒಳಗೆ ಅದು ತಲೆಮೇಲೆ ಚುಕ್ಕೆ, ಗೆರೆ ಇರುವ ಯುರೋಪಿನ ಅಕ್ಷರಗಳ ಸಾಲು. ಮೇಲಿಂದ ಕನ್ನಡದ ಅಂಗಿ ತೊಡಿಸಿದ್ದು. ಕ್ರಾಲರ್ ಓದುವುದು ಒಳಗಿನದನ್ನು. ಯೂನಿಕೋಡ್ ಅಂದರೆ ಪ್ರತಿ ಲಿಪಿಯ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಕೊಟ್ಟಿರುವ ಪದ್ಧತಿ. ಅದರಲ್ಲಿ ಬರೆದರೆ ಮಾತ್ರ ಕ್ರಾಲರ್‌ಗೆ ಕನ್ನಡ ಕನ್ನಡವಾಗಿ ಕಾಣುತ್ತದೆ. ಎಷ್ಟೋ ಸಂಘಗಳ ಸ್ಮರಣ ಸಂಚಿಕೆ, ದೇವಸ್ಥಾನಗಳ ಇತಿಹಾಸ, ಊರಿನ ಪರಿಚಯ ಈ ಹಳೇ ಫಾಂಟಿನಲ್ಲೋ ಸ್ಕ್ಯಾನ್ ಮಾಡಿದ ಪಿಡಿಎಫ್‌ನಲ್ಲೋ ಕೂತಿವೆ. ನಿಮ್ಮ ಮನೆಯ ಪೆನ್‌ಡ್ರೈವ್‌ನಲ್ಲೂ ಇರಬಹುದು. ಅವನ್ನು ಯೂನಿಕೋಡ್‌ಗೆ ಬದಲಿಸುವ ಉಪಕರಣಗಳು ಪುಕ್ಕಟೆ ಸಿಗುತ್ತವೆ. ಒಂದು ಸಂಜೆಯ ಕೆಲಸ.

ಎರಡನೆಯದು ಕಾಗುಣಿತ. ನೀರ್ ದೋಸೆ ಅಂತ ನಡುವೆ ಜಾಗ ಬಿಟ್ಟು ಬರೆಯುವವರು ಇದ್ದಾರೆ. ನೀರು ದೋಸೆ ಅನ್ನುವವರೂ ಇದ್ದಾರೆ. ನೀರ್‌ದೋಸೆ ಅಂತ ಸೇರಿಸಿ ಬರೆದರೆ ಮಧ್ಯದಲ್ಲಿ ಕಣ್ಣಿಗೆ ಕಾಣದ ಒಂದು ಗುರುತು ಸೇರಿರುತ್ತದೆ, ಒತ್ತಕ್ಷರ ಆಗದ ಹಾಗೆ ತಡೆಯಲು. ಆ ಗುರುತು ಬಿಟ್ಟುಹೋದರೆ ಅರ್ಕಾವತ್ತು ಬಂದು ನೀರ್ದೋಸೆ ಆಗುತ್ತದೆ. ನಮಗೆ ಎಲ್ಲವೂ ಒಂದೇ ದೋಸೆ. ಯಂತ್ರಕ್ಕೆ ನಾಲ್ಕು ಬೇರೆ ಬೇರೆ ಸಾಲುಗಳು. ಅದರ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡುವವರು ಬೇರೆ. ನಾನು ನೋಡಿದ ಹಾಗೆ ನಮ್ಮ ಕಡೆ ಅವರೇ ಜಾಸ್ತಿ. ಇತ್ತೀಚೆಗೆ ಗೂಗಲ್ ಇವುಗಳನ್ನೆಲ್ಲ ಒಟ್ಟುಗೂಡಿಸಿ ನೋಡುವುದರಲ್ಲಿ ಜಾಣ ಆಗಿದೆ, ನಿಜ. ಆದರೂ ನೀವು ಒಂದು ಪುಟ ಬರೆಯುವಾಗ ಜನ ಹೇಳುವ ಎರಡು ಮೂರು ರೂಪಗಳು ಮಾತಿನ ನಡುವೆ ಸಹಜವಾಗಿ ಬರಲಿ. ತುರುಕಬೇಡಿ.

ಹೆಸರಿನ ವಿಷಯಕ್ಕೆ ಮಂಗಳೂರಿಗಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ. ಕನ್ನಡದಲ್ಲಿ ಮಂಗಳೂರು. ತುಳುವಿನಲ್ಲಿ ಕುಡ್ಲ. ಕೊಂಕಣಿಯಲ್ಲಿ ಕೊಡಿಯಾಲ್. ಬ್ಯಾರಿ ಭಾಷೆಯಲ್ಲಿ ಮೈಕಾಲ. ಮಲಯಾಳಿಗಳಿಗೆ ಮಂಗಲಾಪುರಂ. ಇಂಗ್ಲಿಷಿನಲ್ಲಿ ಮ್ಯಾಂಗಲೋರ್ ಅಂತ ಇದ್ದದ್ದು 2014ರ ನವೆಂಬರ್ 1ರಿಂದ ಅಧಿಕೃತವಾಗಿ ಮಂಗಳೂರು ಆಯಿತು. ಹೆಸರು ಬದಲಾಯಿತು ಅಂತ ಹೊರಗಿನಿಂದ ಹುಡುಕುವವರು ಹಳೇ ಹೆಸರು ಬಿಟ್ಟಿಲ್ಲ. ದುಬೈಯಲ್ಲಿ ಕೂತು ಊರಿಗೆ ಟಿಕೆಟ್ ಹುಡುಕುವವರು ಇನ್ನೂ ಮ್ಯಾಂಗಲೋರ್ ಅಂತಲೇ ಹೊಡೆಯುತ್ತಾರೆ. ನಾನು ಸೈಟುಗಳಲ್ಲಿ ಎರಡನ್ನೂ ಇಡುತ್ತೇನೆ. ಒಂದು ಊರಿಗೆ ಇಷ್ಟು ಹೆಸರು ಇರುವುದು ನನಗೆ ತುಂಬ ಖುಷಿ ಕೊಡುವ ಸಂಗತಿ.

ಮೂರನೆಯದು ನಮ್ಮ ವಿಭಕ್ತಿ. ಮಂಗಳೂರಿನಿಂದ ಉಡುಪಿಗೆ ಬಸ್, ಉಡುಪಿಯಿಂದ ಮಂಗಳೂರಿಗೆ ಬಸ್. ಎರಡರಲ್ಲೂ ಅವೇ ಊರು, ಅದೇ ಬಸ್. ದಿಕ್ಕು ಇರುವುದು ಪದದ ಬಾಲದಲ್ಲಿ. ಬರೀ ಪದ ಹೊಂದಿಸುವ ಹಳೇ ಯಂತ್ರಕ್ಕೆ ಇದು ಕಷ್ಟ. 2019ರ ಅಕ್ಟೋಬರ್‌ನಲ್ಲಿ ಗೂಗಲ್ ಬರ್ಟ್ ಅನ್ನುವ ತಂತ್ರ ತಂದಿತು. ಇಡೀ ವಾಕ್ಯ ನೋಡಿ ಅರ್ಥ ಹಿಡಿಯುವುದು ಅದರ ಕೆಲಸ. ಮೊದಲು ಇಂಗ್ಲಿಷಿಗೆ, ಆ ವರ್ಷದ ಕೊನೆಗೆ 70ಕ್ಕೂ ಹೆಚ್ಚು ಭಾಷೆಗಳಿಗೆ. ಹಾಗಾಗಿ ಈಗ ನೀವು ತುಂಡು ತುಂಡು ಕೀವರ್ಡ್ ಬರೆಯುವ ಅಗತ್ಯ ಇಲ್ಲ. ಮಾತಾಡುವ ಹಾಗೆ ಪೂರ್ತಿ ವಾಕ್ಯ ಬರೆಯಿರಿ. ದಿನವೂ ಬರುವ ಹುಡುಕಾಟಗಳಲ್ಲಿ ಶೇ 15ರಷ್ಟು ಹಿಂದೆಂದೂ ಯಾರೂ ಕೇಳದಂಥವು ಅಂತ ಗೂಗಲ್ ಹೇಳುತ್ತ ಬಂದಿದೆ. ಜನ ತಮ್ಮ ಮಾತಿನಲ್ಲಿ ಕೇಳುತ್ತಾರೆ. ನಿಮ್ಮ ಉತ್ತರವೂ ಮಾತಿನಲ್ಲೇ ಇರಲಿ.

ಈಗ ಅಕ್ಕನ ಕತೆಗೆ ಬರೋಣ. ಅವರ ಮಗಳು ಡಿಗ್ರಿ ಓದುತ್ತಾಳೆ. ಅವಳೇ ಒಂದು ಸಾದಾ ಸೈಟ್ ಮಾಡಿದಳು. ದಿನಾ ಬೆಳಿಗ್ಗೆ ಹಲಗೆಯ ಫೋಟೋ ಜೊತೆಗೆ ಆ ದಿನದ ದರವನ್ನು ಅಕ್ಷರದಲ್ಲಿ ಬರೆಯುತ್ತಾಳೆ. ತಾರೀಕು ಹಾಕುತ್ತಾಳೆ. ಇನ್ನೊಂದು ಪುಟದಲ್ಲಿ ಲೆಕ್ಕ ಬರೆದಳು: 800 ಹೂವು ಒಂದು ಚೆಂಡು. ನಾಲ್ಕು ಚೆಂಡು ಒಂದು ಅಟ್ಟೆ. ಅಂದರೆ ಅಟ್ಟೆಗೆ 3,200 ಹೂವು. ಇಲ್ಲಿ ಕೂತವರಿಗೆ ಇದು ಬರೆಯುವ ವಿಷಯವೇ ಅಲ್ಲ ಅನ್ನಿಸಬಹುದು. ಅವಳಿಗೂ ಹಾಗೇ ಅನ್ನಿಸಿತ್ತು. "ಇದು ಯಾರಿಗೆ ಗೊತ್ತಿಲ್ಲ ಅಣ್ಣ?" ಅಂದಿದ್ದಳು.

ಎರಡು ತಿಂಗಳ ನಂತರ ಇಬ್ಬರೂ ಕೂತು ಸರ್ಚ್ ಕನ್ಸೋಲ್ ತೆಗೆದೆವು. ಗೂಗಲ್ ಪುಕ್ಕಟೆ ಕೊಡುವ ಉಪಕರಣ ಅದು. ಯಾವ ಮಾತು ಹುಡುಕಿದವರಿಗೆ ನಿಮ್ಮ ಪುಟ ಕಂಡಿತು, ಎಷ್ಟು ಜನ ಒತ್ತಿದರು ಅನ್ನುವುದು ಅದರಲ್ಲಿ ಕಾಣುತ್ತದೆ. ಸಾಲು ಸಾಲಾಗಿ ಓದಿದೆವು. ಮಲ್ಲಿಗೆ ರೇಟ್ ಟುಡೇ. ಶಂಕರಪುರ ಮಲ್ಲಿಗೆ ಇವತ್ತಿನ ದರ. ಒಂದು ಅಟ್ಟೆ ಎಷ್ಟು ಚೆಂಡು. ಅದರ ಕೆಳಗೆ ಒಂದು ಸಾಲು: ಮದುವೆಗೆ ಎಷ್ಟು ಚೆಂಡು ಬೇಕು. ಅವಳು ಅಲ್ಲೇ ಅಮ್ಮನನ್ನು ಕೂಗಿದಳು. ಅಕ್ಕ ಒಳಗಿಂದ ಕೈ ಒರೆಸಿಕೊಂಡು ಬಂದು, ಮದುಮಗಳ ಜಡೆಗೆ ಇಷ್ಟು, ಸಭೆಗೆ ಬಂದ ಹೆಂಗಸರಿಗೆ ಹಂಚಲು ಇಷ್ಟು, ದೇವರಿಗೆ ಇಷ್ಟು ಅಂತ ಬೆರಳು ಮಡಚಿ ಹೇಳುತ್ತಾ ಹೋದರು. ಮಗಳು ಟೈಪ್ ಮಾಡುತ್ತಾ ಹೋದಳು. ಮೂವತ್ತು ವರ್ಷ ಹೂವು ಮಾರಿದವರ ಲೆಕ್ಕ ಅದು. ಬೇರೆ ಎಲ್ಲೂ ಬರೆದಿದ್ದನ್ನು ನಾನು ನೋಡಿಲ್ಲ. ನನ್ನ ಪ್ರಕಾರ ಎಸ್‌ಇಒ ಅಂದರೆ ಆ ಅರ್ಧ ಗಂಟೆಯ ಕೆಲಸ.

ಗೂಗಲ್ ಕೂಡ 2022ರ ಡಿಸೆಂಬರ್‌ನಲ್ಲಿ ತನ್ನ ಗುಣಮಟ್ಟದ ಮಾರ್ಗಸೂಚಿಗೆ ಅನುಭವ ಅನ್ನುವ ಮಾತನ್ನು ಸೇರಿಸಿತು. ಬರೆದವರು ಅದನ್ನು ಮಾಡಿ ನೋಡಿದವರೇ ಅನ್ನುವುದು ಪ್ರಶ್ನೆ.

ಅಂಗಡಿ ಇರುವವರಿಗೆ ಎರಡೇ ಮಾತು. ಗೂಗಲ್ ಬಿಸಿನೆಸ್ ಪ್ರೊಫೈಲ್ ಮಾಡಿಕೊಳ್ಳಿ, ಸಮಯ ಮತ್ತು ಫೋನ್ ನಂಬರ್ ಸರಿ ಇಡಿ. ಹತ್ತಿರದ ಅಂಗಡಿ ಹುಡುಕಿದಾಗ ಅದು ನೋಡುವುದು ಮೂರು: ಕೇಳಿದ್ದಕ್ಕೆ ಹೊಂದುತ್ತದಾ, ಎಷ್ಟು ದೂರ, ಎಷ್ಟು ಜನರಿಗೆ ಪರಿಚಯ. ಸೈಟ್ ಬೇಗ ತೆರೆದುಕೊಳ್ಳಲಿ. ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಬೇಕು ಅನ್ನುವುದು ಗೂಗಲ್‌ನ ಅಳತೆ. ಆಗುಂಬೆ ಘಾಟಿಯಲ್ಲಿ ಸಿಗ್ನಲ್ ಹೇಗೆ ಇರುತ್ತದೆ ಅಂತ ನಿಮಗೇ ಗೊತ್ತು. ಹತ್ತು ದೊಡ್ಡ ಫೋಟೋ ಹಾಕಬೇಡಿ.

ಈಗ ಮುಂದಿನ ದಿನಗಳ ಬಗ್ಗೆ. ನೀವು ಬಂದದ್ದು ಇದನ್ನು ಕೇಳಲಿಕ್ಕೆ ಅಂತ ನನಗೆ ಗೊತ್ತು.

ಗೂಗಲ್ ಹತ್ತು ಲಿಂಕ್ ತೋರಿಸಿ ಸುಮ್ನೆ ಇರುತ್ತಿದ್ದ ಕಾಲ ಮುಗಿಯುತ್ತಾ ಬಂತು. ಈಗ ಅದೇ ಉತ್ತರ ಹೇಳುತ್ತದೆ. ಎಐ ಬರೆದ ಸಾರಾಂಶವನ್ನು ಮೇಲೆ ತೋರಿಸುವ ಎಐ ಓವರ್‌ವ್ಯೂ ಅಮೆರಿಕದಲ್ಲಿ 2024ರ ಮೇ ತಿಂಗಳಲ್ಲಿ ಬಂತು, ಭಾರತಕ್ಕೆ ಅದೇ ಆಗಸ್ಟ್‌ನಲ್ಲಿ, ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಮಾತುಕತೆಯ ಹಾಗೆ ಕೇಳಬಹುದಾದ ಎಐ ಮೋಡ್ 2025ರಲ್ಲಿ ಬಂತು, ಆ ವರ್ಷವೇ ಕನ್ನಡಕ್ಕೂ ಬಂತು. ಚಾಟ್‌ಜಿಪಿಟಿ, ಪರ್‌ಪ್ಲೆಕ್ಸಿಟಿ ಬೇರೆ ಇವೆ. ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆ 2025ರ ಮಾರ್ಚ್‌ನಲ್ಲಿ ಅಲ್ಲಿನ 900 ಜನರ ಹುಡುಕಾಟ ನೋಡಿತು. ಎಐ ಸಾರಾಂಶ ಬಂದಾಗ ಜನ ಕೆಳಗಿನ ಲಿಂಕ್ ಒತ್ತಿದ್ದು ನೂರಕ್ಕೆ 8 ಸಲ. ಸಾರಾಂಶ ಇಲ್ಲದಾಗ 15 ಸಲ. ಸಾರಾಂಶದ ಒಳಗೆ ಕೊಟ್ಟ ಲಿಂಕ್ ಒತ್ತಿದ್ದು ನೂರಕ್ಕೆ ಒಂದು ಸಲ.

ಬರೆಯುವವರಿಗೆ ಇದು ನಿಜವಾದ ಪೆಟ್ಟು. ನಾನು ಇದನ್ನು ಸಣ್ಣದು ಮಾಡಿ ಹೇಳುವುದಿಲ್ಲ. ಅಡುಗೆ ಬರೆದು, ಪ್ರವಾಸ ಬರೆದು, ಜಾಹೀರಾತಿನಿಂದ ನಾಲ್ಕು ಕಾಸು ನೋಡುತ್ತಿದ್ದ ಸ್ನೇಹಿತರಿಗೆ ಆದಾಯ ಇಳಿದಿದೆ. ಅವರ ಬರಹ ಓದಿ ಯಂತ್ರ ಉತ್ತರ ಹೇಳುತ್ತದೆ, ಓದುಗ ಅವರ ಮನೆಗೆ ಬರುವುದಿಲ್ಲ. ಇದು ನ್ಯಾಯ ಅಲ್ಲ ಅಂತ ನನ್ನ ಅಭಿಪ್ರಾಯ.

ಇನ್ನೊಂದು ಕಡೆ ಗೂಗಲ್‌ನ ಹಿಡಿತವೂ ಪ್ರಶ್ನೆಗೆ ಬಂದಿದೆ. 2024ರ ಆಗಸ್ಟ್ 5ರಂದು ಅಮೆರಿಕದ ನ್ಯಾಯಾಧೀಶ ಅಮಿತ್ ಮೆಹ್ತಾ ಅವರು, ಹುಡುಕಾಟದಲ್ಲಿ ಗೂಗಲ್ ಕಾನೂನು ಮೀರಿ ಏಕಸ್ವಾಮ್ಯ ಉಳಿಸಿಕೊಂಡಿದೆ ಅಂತ ತೀರ್ಪು ಕೊಟ್ಟರು. ಫೋನ್, ಬ್ರೌಸರ್‌ಗಳಲ್ಲಿ ತಾನೇ ಮೊದಲು ಇರಬೇಕು ಅಂತ 2021ರ ಒಂದೇ ವರ್ಷ ಅದು ಕೊಟ್ಟ ಹಣ 2,630 ಕೋಟಿ ಡಾಲರ್ ಅಂತ ಆ ವಿಚಾರಣೆಯಲ್ಲಿ ಹೊರಬಂತು. 2025ರ ಸೆಪ್ಟೆಂಬರ್‌ನಲ್ಲಿ ಪರಿಹಾರದ ಆದೇಶ ಬಂತು. ಗೂಗಲ್ ತನ್ನ ಕ್ರೋಮ್ ಬ್ರೌಸರ್ ಮಾರಬೇಕಾಗಿಲ್ಲ, ಆದರೆ ಕೆಲವು ಮಾಹಿತಿಯನ್ನು ಪೈಪೋಟಿಯವರ ಜೊತೆ ಹಂಚಿಕೊಳ್ಳಬೇಕು. ಅದರ ಫಲ ನಮ್ಮ ಮನೆ ಬಾಗಿಲಿಗೆ ಬರಲು ಸಮಯ ಬೇಕು.

ನನಗೆ ಇದಕ್ಕಿಂತ ಹತ್ತಿರದ ಚಿಂತೆ ಬೇರೆ ಉಂಟು. ಅಕ್ಕನ ಮಗಳು ಪುಟ ಬರೆಯುವುದಕ್ಕೆ ಮುಂಚೆ ನಾನು ಒಂದು ಎಐಯನ್ನು ಕೇಳಿದ್ದೆ: ಒಂದು ಅಟ್ಟೆ ಅಂದರೆ ಎಷ್ಟು? ಅದು ಚಪ್ಪಲಿಯ ಅಟ್ಟೆಯ ಬಗ್ಗೆ ಉದ್ದಕ್ಕೆ ಹೇಳಿತು. ಹೇಳಿದ್ದು ತಪ್ಪು ಅಂತಲ್ಲ, ಅಟ್ಟೆಗೆ ಆ ಅರ್ಥವೂ ಉಂಟು. ನಮ್ಮ ಅಟ್ಟೆ ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಗೊತ್ತಿಲ್ಲ ಅಂತ ಅದು ಹೇಳಲೂ ಇಲ್ಲ.

ಖಾಲಿ ಜಾಗವನ್ನು ಯಾರಾದರೂ ತುಂಬುತ್ತಾರೆ. 2021ರ ಜೂನ್ ನೆನಪು ಮಾಡಿಕೊಳ್ಳಿ. ಭಾರತದ ಕುರೂಪ ಭಾಷೆ ಯಾವುದು ಅಂತ ಇಂಗ್ಲಿಷಿನಲ್ಲಿ ಹುಡುಕಿದರೆ ಗೂಗಲ್ ಕನ್ನಡ ಅಂತ ಪೆಟ್ಟಿಗೆ ಕಟ್ಟಿ ತೋರಿಸಿತು. ನಮಗೆಲ್ಲ ಎಷ್ಟು ನೋವಾಯಿತು! ಗೂಗಲ್ ಕ್ಷಮೆ ಕೇಳಿತು, ಉತ್ತರವನ್ನು ತೆಗೆಯಿತು. ಆ ಉತ್ತರ ಬಂದದ್ದು ಭಾಷೆಗೂ ಅದಕ್ಕೂ ಸಂಬಂಧವೇ ಇಲ್ಲದ ಒಂದು ಸೈಟಿನಿಂದ. ಅಂಥ ಪ್ರಶ್ನೆಗೆ ಉತ್ತರ ಬರೆಯುವವರೇ ಕಡಿಮೆ, ಒಬ್ಬ ಬರೆದಿದ್ದ, ಯಂತ್ರ ಅದನ್ನೇ ಎತ್ತಿ ತಲೆ ಮೇಲೆ ಇಟ್ಟುಕೊಂಡಿತು. ಈಗಿನ ಎಐ ಉತ್ತರಗಳೂ ಇದ್ದ ಪುಟಗಳನ್ನೇ ನಂಬಿ ನಿಂತಿವೆ. ಕನ್ನಡದಲ್ಲಿ ಪುಟಗಳು ಕಡಿಮೆ. ಆದ್ದರಿಂದ ಇಲ್ಲಿ ನೀವು ಬರೆಯುವ ಒಂದೊಂದು ಪುಟಕ್ಕೂ ಇಂಗ್ಲಿಷಿನ ಸಾವಿರ ಪುಟದ ನಡುವೆ ಸಿಗದ ಬೆಲೆ ಉಂಟು. ನನಗೆ ಈ ಕೆಲಸದಲ್ಲಿ ಇನ್ನೂ ಹುಮ್ಮಸ್ಸು ಇರುವುದು ಇದಕ್ಕೇ.

ಮಾತು ಮುಗಿದ ಮೇಲೆ ಒಬ್ಬ ವಿದ್ಯಾರ್ಥಿ ಕೇಳಿದ: "ಸರ್, ತುಳುವಿನಲ್ಲಿ ಬರೆದರೆ ಗೂಗಲ್‌ಗೆ ಗೊತ್ತಾಗ್ತದಾ?"

ಗೊತ್ತಾಗಲು ಶುರುವಾಗಿದೆ ಅಂದೆ. ಗೂಗಲ್ ಟ್ರಾನ್ಸ್‌ಲೇಟ್‌ಗೆ ಕನ್ನಡ ಬಂದದ್ದು 2011ರಲ್ಲಿ. ಕೊಂಕಣಿ 2022ರಲ್ಲಿ. ತುಳು 2024ರ ಜೂನ್‌ನಲ್ಲಿ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಯೂನಿಕೋಡ್ 16ರಲ್ಲಿ ತುಳುವಿನ ಹಳೇ ಲಿಪಿಯಾದ ತುಳು-ತಿಗಳಾರಿಯೂ ಸೇರಿತು. ಹಾಗಾದರೆ ಯಾವ ಲಿಪಿಯಲ್ಲಿ ಬರೆಯಲಿ ಅಂತ ಕೇಳಿದ. ಸದ್ಯಕ್ಕೆ ಕನ್ನಡ ಲಿಪಿಯಲ್ಲಿ ಬರೆ, ನಿನ್ನ ಅಜ್ಜಿಯ ಫೋನಿನಲ್ಲೂ ಅದು ಕಾಣುತ್ತದೆ ಅಂದೆ. ಅಜ್ಜಿ ಹೇಳುವ ಪಾಡ್ದನಗಳನ್ನು, ಅಂದರೆ ತುಳುವಿನ ಜನಪದ ಹಾಡುಗಳನ್ನು, ರೆಕಾರ್ಡ್ ಮಾಡಿ ಇಟ್ಟಿದ್ದಾನಂತೆ. ಆಡಿಯೋ ಹಾಕುವಾಗ ಕೆಳಗೆ ಸಾಲುಗಳನ್ನೂ ಬರೆಯುತ್ತೇನೆ ಅಂದ.

ಹಿಂದಿನ ಸಾಲಿನಿಂದ ಒಬ್ಬರು ಎದ್ದು ನಿಂತರು. ಮಲ್ಪೆ ಹತ್ತಿರ ಹೋಮ್‌ಸ್ಟೇ ನಡೆಸುತ್ತಾರೆ. "ಮಳೆಗಾಲದಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟ್ ಬಂದ್ ಇರ್ತದೆ. ದೂರದಿಂದ ಮಕ್ಕಳನ್ನು ಕಟ್ಟಿಕೊಂಡು ಬಂದವರು ಬೇಜಾರು ಮಾಡಿಕೊಳ್ತಾರೆ. ನಾನು ಎಂತ ಮಾಡುವುದು ಹೇಳಿ?"

ನಿಮ್ಮ ಸೈಟಿನಲ್ಲಿ ಇದನ್ನು ಬರೆದಿದ್ದೀರಾ ಅಂತ ಕೇಳಿದೆ. ಇಲ್ಲ, ಬರೆದರೆ ಜನ ಬರುವುದಿಲ್ಲ ಅಂತ ಹೆದರಿಕೆ ಅಂದರು. ಹಾಗಾದರೆ ಮಳೆಗಾಲದಲ್ಲಿ ಬಂದವರಿಗೆ ನೀವು ಏನು ತೋರಿಸುತ್ತೀರಿ ಅಂತ ಕೇಳಿದೆ. ಅವರು ಹೇಳತೊಡಗಿದರು. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಬಂದರಿನಲ್ಲಿ ಬೋಟುಗಳು ಸಾಲಾಗಿ ನಿಂತಿರುವುದು. ಮನೆ ಹಿಂದಿನ ಗದ್ದೆಯಲ್ಲಿ ನಾಟಿ. ಆಟಿ ತಿಂಗಳಲ್ಲಿ ಅತ್ತೆ ಮಾಡುವ ಪತ್ರೊಡೆ, ಅದಕ್ಕೆ ಕೆಸುವಿನ ಎಲೆ ಕೊಯ್ಯಲು ಮಕ್ಕಳನ್ನೂ ಕರೆದುಕೊಂಡು ಹೋಗುವುದು.

ಈಗ ಹೇಳಿದ್ದನ್ನೇ ಬರೆಯಿರಿ ಅಂದೆ. ಚಾ ಕುಡಿಯುವ ಹೊತ್ತಿನಲ್ಲಿ ನೋಡಿದರೆ ಅವರು ಕಿಟಕಿ ಪಕ್ಕ ನಿಂತು ಫೋನಿನಲ್ಲಿ ಟೈಪ್ ಮಾಡುತ್ತಿದ್ದರು. ನನಗೆ ತೋರಿಸಿದರು. ಮೊದಲ ಸಾಲು ಹೀಗಿತ್ತು: ಮಳೆಗಾಲದಲ್ಲಿ ದ್ವೀಪಕ್ಕೆ ಬೋಟ್ ಇಲ್ಲ, ದಯವಿಟ್ಟು ಅದಕ್ಕೋಸ್ಕರ ಬರಬೇಡಿ, ಪತ್ರೊಡೆ ತಿನ್ನಲು ಬನ್ನಿ.